ಮನೆಯಲ್ಲೇ ಮಾಡಿದ ಅಕ್ವೇರಿಯಂ ಸ್ಟ್ಯಾಂಡ್: ಮಳೆಯ ಕಾಟವೋ, ಭಾರದ ಕಾಟವೋ?

ಮಲೆನಾಡಿನಲ್ಲಿ ನಾಲ್ಕು ಅಡಿಯ ಅಕ್ವೇರಿಯಂ ತಂದವರು ಸ್ಟ್ಯಾಂಡಿಗೆಂದು ಮತ್ತೆ ಅಂಗಡಿಗೆ ಹೋಗುವುದು ಕಡಿಮೆ. ಅಟ್ಟದಲ್ಲಿ ಉಳಿದ ಹಲಸಿನ ಹಲಗೆ, ಹಳೆ ಮನೆ ಬಿಚ್ಚಿದಾಗ ಸಿಕ್ಕ ಮತ್ತಿ ತೊಲೆ, ಸಾಮಿಲ್ಲಿನಲ್ಲಿ ಕೊಯ್ಸಿದ ಅಕೇಷಿಯಾ, ಇಲ್ಲವೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಚೌಕಟ್ಟು, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ದೂರು ಶುರುವಾಗುತ್ತದೆ. ಕಪಾಟಿನ ಬಾಗಿಲು ಹಾಕಲು ಬರುವುದಿಲ್ಲ, ಕೆಳಗೆ ನೀರು ಕಾಣುತ್ತದೆ, ರಾತ್ರಿ ಎಲ್ಲೋ ಕಿರ್ ಎನ್ನುತ್ತದೆ, ನೀರು ಒಂದು ಕಡೆ ವಾಲಿದಂತಿದೆ.

ಇವುಗಳಲ್ಲಿ ಕೆಲವು ಬರೀ ಮಳೆಗಾಲದ ಆಟ. ಕೆಲವು ಭಾರ ಕೊಡುತ್ತಿರುವ ಎಚ್ಚರಿಕೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುವುದರಿಂದ, ಹೆದರಬೇಕಾಗಿಲ್ಲದ್ದಕ್ಕೆ ಹೆದರಿ ಹೆದರಬೇಕಾದದ್ದನ್ನು ಬಿಟ್ಟುಬಿಡುವವರೇ ಹೆಚ್ಚು. ಎರಡನ್ನೂ ಬೇರೆ ಮಾಡಿ ನೋಡುವುದಷ್ಟೇ ಇಲ್ಲಿಯ ಕೆಲಸ.

ಮೊದಲು ಭಾರದ ಲೆಕ್ಕ ತಲೆಯಲ್ಲಿರಲಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ಮೇಲೆ ಎರಡು ಇಂಚು ಬಿಟ್ಟು ತುಂಬಿದರೂ ಹತ್ತಿರ ಹತ್ತಿರ 300 ಲೀಟರ್ ನೀರು ಹಿಡಿಯುತ್ತದೆ, ಅಂದರೆ 300 ಕೆ.ಜಿ. ಹತ್ತು ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 25 ಕೆ.ಜಿ. ತೂಗುತ್ತದೆ, ಐದೂ ಮುಖ ಸೇರಿ 65 ಕೆ.ಜಿ. ಆಗುತ್ತದೆ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ಇನ್ನೊಂದು 40 ಕೆ.ಜಿ. ಅಲಂಕಾರದ ಕಲ್ಲು, ಕೊರಡು, ಮುಚ್ಚಳ, ಸ್ಟ್ಯಾಂಡಿನ ಸ್ವಂತ ತೂಕ ಎಲ್ಲ ಸೇರಿ ನೆಲದ ಮೇಲೆ ಬೀಳುವುದು 450 ಕೆ.ಜಿ. ಆಸುಪಾಸು. ಒಂಬತ್ತು ಮೂಟೆ ಸಿಮೆಂಟು ಪೇರಿಸಿ ವರ್ಷಗಟ್ಟಲೆ ಇಳಿಸದೆ ಬಿಟ್ಟ ಹಾಗೆ. ಟಿ.ವಿ. ಮೇಜು, ಪುಸ್ತಕದ ಕಪಾಟು ಮಾಡಿ ಪಳಗಿದ ಅಂದಾಜು ಇಲ್ಲಿ ನಡೆಯುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಸ್ಟೀಲ್ ಅಳತೆಪಟ್ಟಿ, ಹೊಲಿಗೆ ದಾರ, ಹಳೆ ದಿನಪತ್ರಿಕೆ, ಟಾರ್ಚ್. ರಸಮಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ. ತೊಟ್ಟಿಯಲ್ಲಿರುವ ನೀರಿಗಿಂತ ನಿಖರವಾದ ಮಟ್ಟ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

## ಇವು ಕಂಡರೆ ಪರೀಕ್ಷೆ ಬೇಡ, ನೀರು ಇಳಿಸಿ

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರಲ್ಲೂ ತಳದ ಗಾಜಿನ ಅಂಚಿನಿಂದ ಹೊರಟದ್ದು. ಮೂಲೆಯ ಸಿಲಿಕೋನ್ ಗಾಜಿನಿಂದ ಎದ್ದು ಬೆಳ್ಳಗೆ ಕಾಣುವುದು, ಅಥವಾ ಅದರೊಳಗೆ ಗುಳ್ಳೆಗಳು ದಿನದಿಂದ ದಿನಕ್ಕೆ ಉದ್ದವಾಗುವುದು. ಮರದ ಕಾಲು ಉದ್ದಕ್ಕೆ ಸೀಳಿರುವುದು. ಕಬ್ಬಿಣದ ಬೆಸುಗೆಯ ಪಕ್ಕದಲ್ಲಿ ಬಣ್ಣ ಬಿರಿದು ತೆಳುವಾದ ತುಕ್ಕಿನ ಗೆರೆ ಮೂಡಿರುವುದು. ಒಮ್ಮೆಲೇ ‘ಟಕ್’ ಎಂದು ಸದ್ದಾಗಿ ಆಮೇಲೆ ನೀರಿನ ಮಟ್ಟ ಬದಲಾಗಿರುವುದು. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಮುಂದಿನ ಭಾಗಗಳನ್ನು ನಿಧಾನವಾಗಿ ಓದಬಹುದು. ಮೊದಲು ಪೈಪ್ ಹಾಕಿ ನೀರನ್ನು ಕಾಲುಭಾಗಕ್ಕೆ ಇಳಿಸಿ.

ನೀರಿಗೆ ಕೈ ಹಾಕಿದಾಗ ಅಥವಾ ಕಬ್ಬಿಣದ ಸ್ಟ್ಯಾಂಡ್ ಮುಟ್ಟಿದಾಗ ಜುಮ್ ಎಂದರೆ ಅದು ಸ್ಟ್ಯಾಂಡಿನ ದೋಷವಲ್ಲ, ವಿದ್ಯುತ್ತಿನದು. ಒದ್ದೆ ಕೈಯಲ್ಲಿ ಪಕ್ಕದ ಪ್ಲಗ್ ಕೀಳಲು ಹೋಗಬೇಡಿ. ಮನೆಯ ಮುಖ್ಯ ಬೋರ್ಡಿಗೆ ಹೋಗಿ ಅಲ್ಲಿ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಇದೆಯಲ್ಲ ಎಂಬ ಧೈರ್ಯ ಬೇಡ. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚು. ಅಕ್ವೇರಿಯಂ ಇರುವ ಮನೆಗೆ ಅದು ಬೇಕೇ ಬೇಕು.

## ನೀರು ಒಂದು ಕಡೆ ವಾಲಿದಂತೆ ಕಾಣುತ್ತದೆ

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಇದು, ಎಲ್ಲರೂ ತಪ್ಪಾಗಿ ಓದುವುದೂ ಇದನ್ನೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಫಿಲ್ಟರನ್ನು ಹತ್ತು ನಿಮಿಷ ನಿಲ್ಲಿಸಿ, ನೀರು ಅಲುಗಾಡದಂತಾಗಲಿ. ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಎಷ್ಟು ಮಿ.ಮೀ. ಎಂದು ಅಳೆಯಿರಿ. ಗಾಜಿಗೆ ತಾಗುವಲ್ಲಿ ನೀರು ತುಸು ಮೇಲೇರಿ ನಿಲ್ಲುತ್ತದೆ. ಆ ಏರಿದ ಅಂಚನ್ನು ಬಿಟ್ಟು ಒಳಗಿನ ಸಮತಟ್ಟನ್ನು ನೋಡಿ, ನಾಲ್ಕು ಕಡೆಯೂ ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದಿ. ನಾಲ್ಕು ಸಂಖ್ಯೆಗಳನ್ನೂ ಬರೆದುಕೊಳ್ಳಿ.

ಈಗ ಎದುರುಬದುರು ಮೂಲೆಗಳನ್ನು ಕೂಡಿಸಿ. ಮುಂದಿನ ಎಡ ಮತ್ತು ಹಿಂದಿನ ಬಲ ಒಂದು ಜೋಡಿ. ಮುಂದಿನ ಬಲ ಮತ್ತು ಹಿಂದಿನ ಎಡ ಇನ್ನೊಂದು. ಎರಡೂ ಮೊತ್ತ ಒಂದೇ ಆಗಿದ್ದರೆ ತೊಟ್ಟಿ ಒಟ್ಟಾಗಿ ವಾಲಿದೆ, ಅಷ್ಟೇ. ಉದಾಹರಣೆಗೆ ಎಡಗಡೆ ಎರಡೂ ಮೂಲೆಯಲ್ಲಿ 50, ಬಲಗಡೆ ಎರಡೂ ಮೂಲೆಯಲ್ಲಿ 53 ಬಂದರೆ ಎರಡು ಮೊತ್ತವೂ 103. ಅದೇ ಮೂರು ಮೂಲೆಯಲ್ಲಿ 50 ಇದ್ದು ಒಂದರಲ್ಲಿ ಮಾತ್ರ 54 ಬಂದರೆ ಮೊತ್ತ 100 ಮತ್ತು 104. ಇದು ವಾಲಿದ್ದಲ್ಲ, ತಿರುಚಿದ್ದು. ಒಂದು ಮಿ.ಮೀ. ವ್ಯತ್ಯಾಸ ಅಳೆಯುವ ಕೈಯದ್ದಿರಬಹುದು, ಎರಡು ಮಿ.ಮೀ. ದಾಟಿದರೆ ಮತ್ತೆ ಅಳೆಯಿರಿ, ಮತ್ತೆ ಅಷ್ಟೇ ಬಂದರೆ ನಂಬಿ.

ವಾಲುವುದಕ್ಕೂ ತಿರುಚುವುದಕ್ಕೂ ಅಜಗಜಾಂತರ. ನೀರಿನ ಒತ್ತಡ ಆಳವನ್ನು ಅವಲಂಬಿಸಿದೆ. ಎರಡು ಅಡಿ ಆಳದಲ್ಲಿ ನಾಲ್ಕೈದು ಮಿ.ಮೀ. ಹೆಚ್ಚಾದರೆ ಗಾಜಿನ ಮೇಲಿನ ಒತ್ತಡ ಶೇಕಡಾ ಒಂದರಷ್ಟೂ ಏರುವುದಿಲ್ಲ. ಹಾಗಾಗಿ ನಾಲ್ಕು ಅಡಿ ಉದ್ದಕ್ಕೆ ಮೂರು ಮಿ.ಮೀ. ವಾಲಿದ್ದರೆ ಕಣ್ಣಿಗೆ ಕಿರಿಕಿರಿ, ಗಾಜಿಗೆ ಏನಿಲ್ಲ. ತಿರುಚುವಿಕೆ ಹಾಗಲ್ಲ. ಗಾಜು ಬಾಗುವುದಕ್ಕೆ ಒಪ್ಪುವ ವಸ್ತುವಲ್ಲ. ಕೆಳಗಿನ ಚೌಕಟ್ಟು ತಿರುಚಿದರೆ ಆ ಎಳೆತವೆಲ್ಲ ಮೂಲೆಯ ಸಿಲಿಕೋನಿಗೆ ಹೋಗುತ್ತದೆ. ಇವತ್ತೇ ಬಿಡುವುದಿಲ್ಲ, ಆದರೆ ಬಿಡುವುದು ಯಾವತ್ತು ಎಂದು ಹೇಳಿ ಬಿಡುವುದೂ ಇಲ್ಲ. ತಿರುಚಿದ್ದು ಖಾತ್ರಿಯಾದರೆ ನೀರು ಇಳಿಸಿ ಸರಿಪಡಿಸಬೇಕು.

ಬರೀ ವಾಲಿದ್ದರೆ ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡು ಕಡೆಯ ಅಂಕಿಗಳ ವ್ಯತ್ಯಾಸ ಬದಲಾಗದಿದ್ದರೆ ಕಟ್ಟುವಾಗಲೇ ಹಾಗಿತ್ತು, ಬಿಡಿ. ಹೆಚ್ಚುತ್ತಿದ್ದರೆ ಏನೋ ಕುಸಿಯುತ್ತಿದೆ ಎಂದು ಅರ್ಥ. ಇನ್ನೊಂದು ಮಾತು: ಉದ್ದದ ದಿಕ್ಕಿನ ವಾಲಿಕೆಗಿಂತ ಮುಂದಕ್ಕೆ ವಾಲಿರುವುದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅಗಲ ಒಂದೂವರೆ ಅಡಿ ಮಾತ್ರ, ಮುಂದೆ ಮಕ್ಕಳು ನಿಲ್ಲುವ ಜಾಗ.

ಇಲ್ಲಿ ಮಳೆಯನ್ನು ದೂರುವ ಹಾಗಿಲ್ಲ. ಮರ ತೇವ ಕುಡಿದಾಗ ಅಡ್ಡಕ್ಕೆ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಕಾಲುಗಳು ಉದ್ದಕ್ಕೆ ನಿಂತಿರುವುದರಿಂದ ಪುನರ್ವಸು ಮಳೆ ಎಷ್ಟು ಸುರಿದರೂ ಒಂದು ಕಾಲು ಉದ್ದವಾಗಿ ಇನ್ನೊಂದು ಗಿಡ್ಡವಾಗುವುದಿಲ್ಲ. ಮಳೆಗಾಲದಲ್ಲಿ ಹೊಸದಾಗಿ ವಾಲಿದರೆ ಕಾರಣ ನೆಲದಲ್ಲಿದೆ, ಇಲ್ಲವೇ ಜೋಡಣೆಯಲ್ಲಿದೆ, ಇಲ್ಲವೇ ಕಾಲಿನ ಕೆಳಗೆ ತುರುಕಿದ್ದರಲ್ಲಿದೆ.

ಆ ಕೊನೆಯದನ್ನು ಮೊದಲು ನೋಡಿ, ಖರ್ಚಿಲ್ಲದ ಪರೀಕ್ಷೆ. ಹೊಸನಗರದ ಕಡೆ ಒಂದು ಮನೆಯಲ್ಲಿ ತೊಟ್ಟಿ ಹಿಂದಿನ ಮೂಲೆಗೆ ಇಳಿಯುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಆ ಕಾಲಿನ ಕೆಳಗೆ ಹಳೆ ಕ್ಯಾಲೆಂಡರಿನ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ನೆಲದ ತೇವಕ್ಕೆ ಅದು ನೆನೆದು ಮುದ್ದೆಯಾಗಿ, ಕಾಲಿನ ಆಕಾರಕ್ಕೆ ಅಚ್ಚೊತ್ತಿ, ಸುತ್ತ ಅಂಚು ಮಾತ್ರ ಎದ್ದುಕೊಂಡಿತ್ತು. ಒಂದು ಕಾಲಿಗೆ ನೂರು ಕೆ.ಜಿ.ಗೂ ಮೇಲೆ ಬೀಳುವಾಗ ರಟ್ಟು, ರಬ್ಬರ್ ಚಪ್ಪಲಿಯ ತುಂಡು, ಹಸಿ ಮರದ ಚಕ್ಕೆ ಯಾವುದೂ ನಿಲ್ಲುವುದಿಲ್ಲ. ಗಟ್ಟಿ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬೆಣೆ ಬೇಕು, ಕಾಲಿನ ಪೂರ್ತಿ ಅಗಲಕ್ಕೆ ಕೂರಬೇಕು. ಬೆಣೆ ಯಾವಾಗಲೂ ಸ್ಟ್ಯಾಂಡಿನ ಕೆಳಗೆ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ತುರುಕಿದ ಬೆಣೆ ಗಾಜಿನ ಒಂದೇ ಬಿಂದುವಿಗೆ ಭಾರ ಕೊಡುತ್ತದೆ.

ಬೆಣೆ ಹಾಕುವಾಗ ತೊಟ್ಟಿ ಖಾಲಿ ಇರಲಿ. ನೀರು ತುಂಬಿದ್ದಾಗಲೇ ಕಾರಿನ ಜಾಕಿ ಕೊಟ್ಟು ಒಂದು ಮೂಲೆ ಎತ್ತಿದರೆ ಇಲ್ಲದ ತಿರುಚುವಿಕೆಯನ್ನು ನೀವೇ ತಂದಂತೆ.

## ಸ್ಟ್ಯಾಂಡಿನ ಕೆಳಗೆ ನೀರು

ಗಾಬರಿ ಹುಟ್ಟಿಸುವ ಲಕ್ಷಣ ಇದು. ಮಲೆನಾಡಿನಲ್ಲಿ ಇದಕ್ಕೆ ನಾಲ್ಕು ಕಾರಣಗಳಿವೆ, ಸೋರಿಕೆ ಅವುಗಳಲ್ಲಿ ಕೊನೆಯದು.

ಕರೆಂಟ್ ಹೋಗಿ ಬಂದ ಮೇಲೆ ನೀರು ಕಂಡಿತೇ? ಹಾಗಾದರೆ ಗಾಳಿಯ ಪಂಪ್ ನೋಡಿ. ಪಂಪನ್ನು ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದರೆ, ಅದು ನಿಂತ ಕೂಡಲೇ ತೊಟ್ಟಿಯ ನೀರು ಅದೇ ತೆಳು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿನ ಮೂಲಕ ಹೊರಗೆ ಬರಬಹುದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ತೂಗುಹಾಕಿ, ಅಥವಾ ಕೊಳವೆಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ವಾಲ್ವ್ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಪಂಪಿನೊಳಗೆ ನೀರು ಹೋಗಿದ್ದರೆ ಮತ್ತೆ ಪ್ಲಗ್ ಹಾಕಬೇಡಿ.

ತೊಟ್ಟಿಯ ಹೊರಮೈ ತುಂಬ ಹನಿ ಕೂತಿದೆಯೇ? ಬೆವರು ಅದು. ಬಾವಿಯ ತಣ್ಣನೆ ನೀರು ಬದಲಿಸಿದ ದಿನ, ಗಾಳಿಯಲ್ಲಿ ತೇವ ತುಂಬಿದ್ದಾಗ ಗಾಜು ಬೆವರುತ್ತದೆ. ಗುರುತು ಸುಲಭ: ಬೆವರು ಒಳಗಿನ ನೀರಿನ ಮಟ್ಟದವರೆಗೆ ಮಾತ್ರ ಇರುತ್ತದೆ, ಅದರ ಮೇಲಿನ ಗಾಜು ಒಣಗಿರುತ್ತದೆ. ಗಾಜಿಗೆ ಅಪಾಯವಿಲ್ಲ. ಮರಕ್ಕೆ ಇದೆ. ಮೂರು ತಿಂಗಳು ತೊಟ್ಟಿಕ್ಕಿದರೆ ಮೇಲಿನ ಅಡ್ಡಪಟ್ಟಿ ಕೊಳೆಯಲು ಅಷ್ಟು ಸಾಕು. ಗೋಡೆಯಿಂದ ಒಂದು ಗೇಣು ದೂರವಿಡಿ, ಒರೆಸುತ್ತಿರಿ.

ನೆಲದಲ್ಲೇ ಜಲ ಎದ್ದಿದೆಯೇ? ಹಳೆ ಮನೆಗಳಲ್ಲಿ ಆಷಾಢ, ಶ್ರಾವಣದಲ್ಲಿ ಗಾರೆ ನೆಲವೂ ಒದ್ದೆಯಾಗುತ್ತದೆ. ತೊಟ್ಟಿಯಿಂದ ಎರಡು ಅಡಿ ದೂರದಲ್ಲಿ ನೆಲ ಒರೆಸಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಅಡಿಭಾಗ ಒದ್ದೆಯಾಗಿದ್ದರೆ ತೊಟ್ಟಿ ನಿರಪರಾಧಿ.

ಈ ಮೂರೂ ಅಲ್ಲದಿದ್ದರೆ ಸೋರಿಕೆ ಹುಡುಕಿ. ನೀರಿನ ಮಟ್ಟಕ್ಕೆ ಟೇಪಿನ ಗುರುತು ಹಾಕಿ. ಇಷ್ಟು ದೊಡ್ಡ ತೊಟ್ಟಿಯಲ್ಲಿ ಒಂದು ಮಿ.ಮೀ. ಇಳಿಯಿತೆಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಹೋಗಿದೆ. ಅಷ್ಟು ನೀರು ನೆಲಕ್ಕೆ ಬಿದ್ದಿದ್ದರೆ ಕಾಣದೆ ಇರುವುದಿಲ್ಲ. ಮಟ್ಟ ಇಳಿದೂ ನೆಲ ಒಣಗಿದ್ದರೆ ಅದು ಆವಿಯಾಗಿ ಹೋದದ್ದು. ನೆಲ ಒದ್ದೆಯಾಗಿದ್ದು ಮಟ್ಟವೂ ಇಳಿಯುತ್ತಿದ್ದರೆ ದಿನಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ತಳದ ಅಂಚಿನ ಸುತ್ತ ಸಾಲಾಗಿ ಇಟ್ಟು, ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಮೊದಲು ನೆನೆಯುವ ಪಟ್ಟಿಯ ನೇರ ಮೇಲಿನ ಮೂಲೆಯನ್ನು ಬೆರಳಿನಿಂದ ಸವರುತ್ತ ಮೇಲಕ್ಕೆ ಹೋಗಿ. ನೀರು ಅಂಚಿನ ಗುಂಟ ಹರಿದು ತಗ್ಗಿನಲ್ಲಿ ತೊಟ್ಟಿಕ್ಕುವುದರಿಂದ ಒದ್ದೆಯಾದ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ.

ಸಿಲಿಕೋನಿನಿಂದಲೇ ಸೋರುತ್ತಿದ್ದರೆ ಹೊರಗಿನಿಂದ ಮೆತ್ತುವ ಅಂಟು ಕೆಲಸಕ್ಕೆ ಬಾರದು. ಖಾಲಿ ಮಾಡಿ ಒಳಗಿನಿಂದ ಹಳೆ ಸಿಲಿಕೋನ್ ಕೆರೆದು ಹೊಸದು ಹಾಕಬೇಕು, ಅದಕ್ಕೆ ತೊಟ್ಟಿ ಕಟ್ಟುವವರೇ ಸರಿ. ಆದರೆ ಅವರ ಬಳಿಗೆ ಹೋಗುವ ಮೊದಲು ಮೂಲೆಗಳ ಲೆಕ್ಕ ಮಾಡಿದ್ದೀರಾ? ತಿರುಚಿದ ಸ್ಟ್ಯಾಂಡಿನ ಮೇಲೆ ಹೊಸ ಸಿಲಿಕೋನೂ ಅದೇ ಮೂಲೆಯಲ್ಲಿ ಬಿಡುತ್ತದೆ.

## ಕಪಾಟಿನ ಬಾಗಿಲು ಸಿಕ್ಕಿಕೊಳ್ಳುತ್ತದೆ

ಮನೆಯ ಉಳಿದ ಬಾಗಿಲು, ಕಿಟಕಿಗಳೂ ಸಿಕ್ಕಿಕೊಳ್ಳುತ್ತಿವೆಯೇ ನೋಡಿ. ಅವೂ ಬಿಗಿಯಾಗಿದ್ದರೆ ಇದು ಮಳೆಯದು. ಬಾಗಿಲಿಗೆ ಈಗಲೇ ಉಜ್ಜುಗೊರಡು ಹಾಕಬೇಡಿ, ಬೇಸಿಗೆಯಲ್ಲಿ ಕಿಂಡಿ ಬಿಡುತ್ತದೆ.

ಉಳಿದವೆಲ್ಲ ಸಲೀಸಾಗಿದ್ದು ಇದೊಂದೇ ಸಿಕ್ಕಿಕೊಂಡರೆ ಎಲ್ಲಿ ಉಜ್ಜುತ್ತದೆ ನೋಡಿ. ಮೇಲಂಚಿನ ನಡುಭಾಗದಲ್ಲಿ ಉಜ್ಜಿದರೆ ಅಡ್ಡಪಟ್ಟಿ ಬಗ್ಗಿದೆ. ಒಂದು ಮೇಲ್ಮೂಲೆ ಮತ್ತು ಅದರ ಎದುರಿನ ಕೆಳಮೂಲೆಯಲ್ಲಿ ಉಜ್ಜಿದರೆ ಇಡೀ ಸ್ಟ್ಯಾಂಡ್ ಪಕ್ಕಕ್ಕೆ ಓರೆಯಾಗಿದೆ. ಬಾಗಿಲಿನ ಚೌಕಟ್ಟಿಗೆ ದಾರ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ತೆಗೆಯಿರಿ. ಎರಡೂ ಸಮವಿದ್ದರೆ ಚೌಕ ಸರಿಯಿದೆ. ಬೇರೆಯಾಗಿದ್ದರೆ ಅಲುಗಾಟದ ಭಾಗಕ್ಕೆ ಹೋಗಿ.

ಪಾರ್ಟಿಕಲ್ ಬೋರ್ಡಿನಲ್ಲಿ ಮಾಡಿದ ಬಾಗಿಲಿನ ಕೆಳ ಅಂಚು ಉಬ್ಬಿದ್ದರೆ ಅದು ಮತ್ತೆ ಇಳಿಯುವುದಿಲ್ಲ. ಬಾಗಿಲಾದರೆ ಬದಲಿಸಿ. ಸ್ಟ್ಯಾಂಡಿನ ಪಕ್ಕದ ಗೋಡೆಯೇ ಅದರಲ್ಲಾಗಿದ್ದು ಬುಡ ಉಬ್ಬಿದ್ದರೆ ತೊಟ್ಟಿ ಇಳಿಸಿ, ಆ ಸ್ಟ್ಯಾಂಡನ್ನು ಬಿಟ್ಟುಬಿಡಿ. ದುರಸ್ತಿಯ ಮಾತೇ ಬೇಡ. ಪ್ಲೈವುಡ್ ಕೊಳ್ಳುವುದಾದರೆ ಐಎಸ್ 710 (ಐಎಸ್ ಎಂದರೆ ಭಾರತೀಯ ಮಾನದಂಡ) ಎಂಬ ಮುದ್ರೆ ಇರುವುದನ್ನೇ ಕೇಳಿ. ಅದು ತೇವ ತಡೆಯುವ ಮೆರೈನ್ ದರ್ಜೆ. ಐಎಸ್ 303 ಸಾಮಾನ್ಯ ಬಳಕೆಯದು.

## ತಳ್ಳಿದರೆ ಅಲುಗಾಡುತ್ತದೆ

ಸ್ಟ್ಯಾಂಡಿನ ಮೇಲಂಚನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ ನೋಡಿ. ಇಷ್ಟು ಭಾರ ಹೊತ್ತದ್ದು ಕಲ್ಲಿನ ಹಾಗೆ ನಿಂತಿರಬೇಕು. ನೀರು ತುಳುಕಿದರೆ ಓರೆಪಟ್ಟಿ ಇಲ್ಲ, ಅಥವಾ ಇದ್ದದ್ದು ಸಡಿಲಾಗಿದೆ.

ನಾಲ್ಕು ಕಾಲು, ಮೇಲೊಂದು ಚೌಕಟ್ಟು, ಕೆಳಗೊಂದು ಚೌಕಟ್ಟು: ಇಷ್ಟೇ ಇರುವ ಸ್ಟ್ಯಾಂಡ್ ನೇರ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದ ತಳ್ಳಾಟವನ್ನು ತಡೆಯುವುದಿಲ್ಲ. ತೊಟ್ಟಿಯ ಸ್ಟ್ಯಾಂಡುಗಳು ಬೀಳುವಾಗ ಕಾಲು ಮುರಿದೇ ಬೀಳಬೇಕೆಂದಿಲ್ಲ, ಪಕ್ಕಕ್ಕೆ ಮಡಚಿಕೊಂಡೂ ಬೀಳುತ್ತವೆ. ಪರಿಹಾರ ಅಗ್ಗ. ಹಿಂಭಾಗಕ್ಕೆ ಪೂರ್ತಿ ಅಗಲದ 12 ಮಿ.ಮೀ. ಪ್ಲೈವುಡ್ ಹಾಳೆ, ಎರಡೂ ಪಕ್ಕಕ್ಕೆ ಅದೇ ಥರ ಒಂದೊಂದು. ಹಾಳೆ ಬೇಡವೆಂದರೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ. ನೀರನ್ನು ಕಾಲುಭಾಗಕ್ಕೆ ಇಳಿಸಿ, ಓರೆ ಅಳತೆ ಸಮ ಮಾಡಿಕೊಂಡು ಆಮೇಲೆ ಬಿಗಿಯಿರಿ. ಓರೆಯಾಗಿರುವಾಗಲೇ ಹಾಳೆ ಹೊಡೆದರೆ ಓರೆಯೇ ಖಾಯಂ ಆಗುತ್ತದೆ.

ಆಮೇಲೆ ಜೋಡಣೆ ನೋಡಿ. ಮೇಲಿನ ಅಡ್ಡಪಟ್ಟಿ ಕಾಲಿನ ತಲೆಯ ಮೇಲೆ ಕೂತಿದೆಯೋ, ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನೇತುಹಾಕಿದೆಯೋ? ಮೊದಲನೆಯದರಲ್ಲಿ ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ಇಳಿಯುತ್ತದೆ. ಸ್ಕ್ರೂಗೆ ಬರೀ ಹಿಡಿದುಕೊಳ್ಳುವ ಕೆಲಸ. ಎರಡನೆಯದರಲ್ಲಿ ನಾಲ್ಕು ಕ್ವಿಂಟಲಿಗೂ ಮೇಲಿನ ಭಾರ ಕೆಲವು ಸ್ಕ್ರೂಗಳ ಕತ್ತಿನ ಮೇಲೆ. ಕಪ್ಪು ಬಣ್ಣದ ತೆಳು ಡ್ರೈವಾಲ್ ಸ್ಕ್ರೂಗಳಾಗಿದ್ದರೆ ಇನ್ನೂ ಕಷ್ಟ, ಅವು ಬಾಗುವುದಿಲ್ಲ, ಮುರಿಯುತ್ತವೆ. ಅಡ್ಡಪಟ್ಟಿಯ ಕೆಳಗೆ, ಕಾಲಿಗೆ ತಾಗಿಸಿ, ನೆಲದವರೆಗೂ ಬರುವ ಇನ್ನೊಂದು ಮರದ ತುಂಡು ನಿಲ್ಲಿಸಿ ಕಾಲಿಗೆ ಬೋಲ್ಟ್ ಹಾಕಿ. ಭಾರಕ್ಕೆ ನೆಲ ಸಿಕ್ಕಿತು.

ಹಸಿ ಮರದಲ್ಲಿ ಮಾಡಿದ ಸ್ಟ್ಯಾಂಡ್ ಅಲುಗಾಡಲು ಶುರುವಾಗುವುದು ಮಳೆಯಲ್ಲಲ್ಲ, ಮಾರ್ಚ್ ಏಪ್ರಿಲಿನಲ್ಲಿ. ತೋಟದ ಅಂಚಿನ ಮರ ಕಡಿಸಿ ತಿಂಗಳೊಳಗೆ ಕೊಯ್ಸಿ ಬಡಿದದ್ದು ಒಣಗುತ್ತ ಕುಗ್ಗುತ್ತದೆ, ಸ್ಕ್ರೂ ಸುತ್ತ ಸಡಿಲ ಬಿಡುತ್ತದೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬೋಲ್ಟ್ ಬಿಗಿಯಬೇಕು, ವಾಷರ್ ಇಲ್ಲದಿದ್ದರೆ ಹಾಕಬೇಕು. ಬಿಳಿ ಮರದಂಟನ್ನೇ ನಂಬಿದ ಜೋಡಣೆಗಳು ಸತತ ತೇವಕ್ಕೆ ಮೆತ್ತಗಾಗುತ್ತವೆ.

## ನಡುವೆ ಬಗ್ಗಿದೆ, ತೊಟ್ಟಿಯ ಕೆಳಗೆ ಕಿಂಡಿ ಕಾಣುತ್ತದೆ

ಮುಂದಿನ ಅಡ್ಡಪಟ್ಟಿಯ ಎರಡು ತುದಿಗೆ ದಾರ ಬಿಗಿಯಾಗಿ ಹಿಡಿದು ನಡುವೆ ಎಷ್ಟು ಅಂತರವಿದೆ ಅಳೆಯಿರಿ. ಒಂದು ಮಿ.ಮೀ. ಸಹಜ. ಮೂರು ಮಿ.ಮೀ. ಆಗಿದ್ದರೆ ಕೆಲಸವಿದೆ. ದಾರವಿಲ್ಲದಿದ್ದರೆ ಒಂದು ಆಮಂತ್ರಣ ಪತ್ರಿಕೆಯ ಅಂಚನ್ನು ಗಾಜಿಗೂ ಮರಕ್ಕೂ ನಡುವೆ ತೂರಿಸಿ ನೋಡಿ. ಮೂಲೆಯಲ್ಲಿ ಹೋಗದೆ ನಡುವೆ ಹೋದರೆ ಉತ್ತರ ಸಿಕ್ಕಿತು. ತೊಟ್ಟಿಯ ಭಾರವೆಲ್ಲ ಈಗ ಎರಡು ತುದಿಗಳ ಮೇಲೆ ಕೂತಿದೆ.

ಕಾರಣ ಸಾಮಾನ್ಯವಾಗಿ ಪಟ್ಟಿಯನ್ನು ಮಲಗಿಸಿ ಹಾಕಿರುವುದು. ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪದ ಮರವನ್ನು ಮಲಗಿಸಿದರೆ ಎಷ್ಟು ಬಿಗಿಯೋ, ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಅದರ ನಾಲ್ಕು ಪಟ್ಟು ಬಿಗಿ. ಒಂದೇ ಮರ, ಒಂದೇ ದುಡ್ಡು. ಇನ್ನು ಮರ ಸತತ ಭಾರದ ಅಡಿಯಲ್ಲಿ ವರ್ಷವರ್ಷವೂ ತುಸು ತುಸು ಬಗ್ಗುತ್ತ ಹೋಗುತ್ತದೆ. ತೇವ ಕುಡಿದು ಒಣಗುವ ಪ್ರತಿ ಸುತ್ತಿಗೂ ಅದು ಹೆಚ್ಚುತ್ತದೆ. ಮಳೆಗೂ ಭಾರಕ್ಕೂ ಒಳಒಪ್ಪಂದ ಇರುವುದು ಇಲ್ಲೊಂದೇ ಕಡೆ. ಒಂದು ಮಳೆಗಾಲ ಕಳೆದ ಮೇಲೆ ಬಾಗು ಹೆಚ್ಚಿದ್ದರೆ ಮರದ ಗುಣವೆಂದು ಸುಮ್ಮನಿರಬೇಡಿ.

ನಡುವೆ ಒಂದು ಕಾಲು ಕೊಟ್ಟರೆ ಸಾಕು, ಅಂತರ ಅರ್ಧವಾಗಿ ಬಾಗು ಹೇಳಹೆಸರಿಲ್ಲದಂತಾಗುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು. ಆದರೆ ಕ್ರಮ ಮುಖ್ಯ: ನೀರು ಇಳಿಸಿ, ಪಟ್ಟಿ ತಾನಾಗಿ ಎಷ್ಟು ಮೇಲೇಳುತ್ತದೋ ಏಳಲಿ, ಆಮೇಲೆ ಅಳತೆ ತೆಗೆದು ಕಾಲು ಕೊಯ್ಯಿರಿ. ತುಂಬಿದ ತೊಟ್ಟಿಯ ಕೆಳಗೆ ಸುತ್ತಿಗೆಯಿಂದ ಬೆಣೆ ಬಡಿದು ನಡುವನ್ನು ಎಬ್ಬಿಸುವವರಿದ್ದಾರೆ. ನಡುವೆ ತಗ್ಗಾಗಿರುವುದಕ್ಕಿಂತ ಉಬ್ಬಾಗಿರುವುದು ತಳದ ಗಾಜಿಗೆ ಹೆಚ್ಚು ಕೆಟ್ಟದ್ದು.

ಥರ್ಮೋಕೋಲ್ ಹಾಳೆಯ ಬಗ್ಗೆಯೂ ಒಂದು ಮಾತು. ತಳದ ಗಾಜು ನೇರವಾಗಿ ಮರದ ಮೇಲೆ ಕೂರುವ ತೊಟ್ಟಿಗೆ ಅದು ಬೇಕು; ಸ್ಕ್ರೂವಿನ ತಲೆ, ಒಂದು ಮರಳಿನ ಕಣ ಇಂಥವನ್ನು ಅದು ನುಂಗಿಕೊಳ್ಳುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂರುವಂತೆ ಮಾಡಿದ ತೊಟ್ಟಿಗೆ ಹಾಕಬಾರದು. ಬಗ್ಗಿದ ಮರವನ್ನು ಥರ್ಮೋಕೋಲ್ ನೆಟ್ಟಗೆ ಮಾಡುವುದಿಲ್ಲ, ಮುಚ್ಚಿಡುತ್ತದೆ.

## ಸದ್ದು

ಹೊಸ ಸ್ಟ್ಯಾಂಡ್ ಮೊದಲ ಸಲ ತುಂಬಿದಾಗ ಒಂದೆರಡು ದಿನ ಕಿರ್, ಪಟ್ ಎನ್ನುವುದು ಜೋಡಣೆಗಳು ಕೂರುವ ಸದ್ದು. ಹಳೆಯದು ಹವೆ ಬದಲಾದಾಗ ರಾತ್ರಿ ಹೊತ್ತು ಕಿರುಗುಟ್ಟಬಹುದು, ಮನೆಯ ತೊಲೆಗಳೂ ಆಗ ಕಿರುಗುಟ್ಟುತ್ತಿರುತ್ತವೆ. ಮೂಲೆಯ ಅಳತೆ ಬದಲಾಗದಿದ್ದರೆ ಮಲಗಿ. ಗುಂಯ್ ಎನ್ನುವುದು ಪಂಪಿನ ಕಂಪನ, ಅದರಡಿಗೆ ಒಂದು ಸ್ಪಂಜು ಇಡಿ.

## ಪುಡಿ, ಮಣ್ಣಿನ ಗೆರೆ, ತುಕ್ಕು

ಸ್ಟ್ಯಾಂಡಿನ ಅಡಿ ಹಿಟ್ಟಿನಂಥ ನುಣ್ಣನೆ ಪುಡಿ, ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಕುಟ್ಟೆ ಹಿಡಿದಿದೆ. ಗೋಡೆಯಿಂದ ಕಾಲಿಗೆ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಕುಟ್ಟೆ ಹೆಚ್ಚಾಗಿ ಬಿಳಿ ಮರಕ್ಕೆ ಬೀಳುತ್ತದೆ. ಚೇಗು ಮರದಲ್ಲಿ (ಒಳಗಿನ ಗಟ್ಟಿ, ಕಪ್ಪು ತಿರುಳಿನಲ್ಲಿ) ಮಾಡಿದ್ದರೆ ಅಂಚಿನ ಬಿಳಿ ಭಾಗ ಮಾತ್ರ ಹೋಗಿರಬಹುದು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಒಳಕ್ಕೆ ಇಳಿದರೆ ಆ ಕಾಲಿನ ಮೇಲೆ ಇನ್ನು ಒಂದು ದಿನವೂ ಭಾರ ಬೇಡ.

ಔಷಧಿ ಹೊಡೆಯುವ ಮುನ್ನ ನಿಲ್ಲಿ. ಮರದ ಹುಳಕ್ಕೂ ಗೆದ್ದಲಿಗೂ ಬಳಸುವ ಪೈರಿಥ್ರಾಯ್ಡ್ ಗುಂಪಿನ ವಿಷಗಳು ಮೀನಿಗೆ ಅತಿ ಸೂಕ್ಷ್ಮ ಪ್ರಮಾಣದಲ್ಲೂ ಮಾರಕ. ಅದರ ಮೇಲೆ ಗಾಳಿಯ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೇ ಊದುತ್ತದೆ. ಮೀನುಗಳನ್ನು ಬೇರೆ ಕೋಣೆಗೆ ಸಾಗಿಸದೆ ಔಷಧಿಯ ಡಬ್ಬಿ ತೆರೆಯಬೇಡಿ.

ಕಬ್ಬಿಣದ ಸ್ಟ್ಯಾಂಡಿನಲ್ಲಿ ಮೇಲಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿದರೆ ಆಯಿತು. ಹೆದರಬೇಕಾದ್ದು ಚೌಕಾಕಾರದ ಪೈಪಿನ ಒಳಗಿನ ತುಕ್ಕಿಗೆ. ತುದಿ ಮುಚ್ಚದ ಪೈಪಿನೊಳಗೆ ನೀರು ಇಳಿದು ಬುಡದಲ್ಲಿ ನಿಲ್ಲುತ್ತದೆ, ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಬುಡದಲ್ಲಿ ತಟ್ಟಿ ನೋಡಿ, ಮೇಲ್ಭಾಗದ ಸದ್ದಿಗೂ ಬುಡದ ಸದ್ದಿಗೂ ವ್ಯತ್ಯಾಸವಿದ್ದರೆ, ಪೊರೆ ಏಳುತ್ತಿದ್ದರೆ ವೆಲ್ಡಿಂಗಿನವರಿಗೆ ತೋರಿಸಿ. ಬೆಸುಗೆ ಹಾಕುವುದು ತೊಟ್ಟಿ ಕೆಳಗಿಳಿಸಿದ ಮೇಲೆ. ಆ ಶಾಖಕ್ಕೆ ಚೌಕಟ್ಟು ತಿರುಚುವುದೂ ಉಂಟು. ಎರಡು ದಾರಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಕಟ್ಟಿ ನೋಡಿ. ನಡುವೆ ಒಂದಕ್ಕೊಂದು ಹಗುರವಾಗಿ ತಾಗಬೇಕು. ಅಂತರ ಉಳಿದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸಿದರೆ, ಮನೆಗೆ ತರಬೇಡಿ, ಅಲ್ಲೇ ಸರಿ ಮಾಡಿಸಿ.

## ಸ್ಟ್ಯಾಂಡ್ ಸರಿ ಇದೆ, ನೆಲ ಸರಿ ಇಲ್ಲ

ಟೈಲ್ಸ್ ನೆಲವಾದರೆ ಕಾಲಿನ ಸುತ್ತ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಟೈಲಿನಡಿ ಸಿಮೆಂಟು ಇಲ್ಲ, ಅದು ಒಡೆಯುತ್ತದೆ. ಮಣ್ಣು ತುಂಬಿ ಮೇಲೆ ತೆಳು ಗಾರೆ ಎಳೆದ ಹಳೆ ನೆಲದಲ್ಲಿ ಮಳೆಗಾಲದಲ್ಲಿ ಗೋಡೆಯ ಬದಿ ಕುಸಿಯುವುದು ಹೆಚ್ಚು. ಎರಡಕ್ಕೂ ಮದ್ದು ಭಾರ ಹರಡುವುದು: ಪ್ರತಿ ಕಾಲಿಗೆ ಅಗಲದ ಚಪ್ಪಡಿ ಕಲ್ಲು, ಅಥವಾ ಸ್ಟ್ಯಾಂಡಿನ ಪೂರ್ತಿ ಅಳತೆಗೆ ದಪ್ಪ ಹಲಗೆ.

ಉಪ್ಪರಿಗೆಯ ವಿಷಯ ಬೇರೆ. ತೀರ್ಥಹಳ್ಳಿ ಕಡೆಯ ಹಲಗೆಯ ಉಪ್ಪರಿಗೆಯೊಂದರಲ್ಲಿ ಮಗು ಓಡಿದರೆ ಸಾಕು, ತೊಟ್ಟಿಯ ನೀರಿನ ಮೇಲೆ ದೀಪದ ಬೆಳಕು ನಡುಗುತ್ತಿತ್ತು. ಅಲ್ಲಿ ಸ್ಟ್ಯಾಂಡನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ತೊಲೆಗಳಿಗೆ ಅಡ್ಡವಾಗಿ, ಎರಡು ಮೂರು ತೊಲೆಗಳ ಮೇಲೆ ಭಾರ ಹಂಚಿಕೆಯಾಗುವಂತೆ, ಗೋಡೆಯ ಹತ್ತಿರ ಇಡಬೇಕು. ಹೊಸ ಆರ್‌ಸಿಸಿ ಮಹಡಿಗೂ ಮಿತಿಯಿದೆ. ಕಟ್ಟಡದ ಭಾರಗಳ ಮಾನದಂಡವಾದ ಐಎಸ್ 875 ಪ್ರಕಾರ ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ನಮ್ಮ ತೊಟ್ಟಿ ನಿಂತ ಜಾಗದಲ್ಲಿ ಅದು 800 ಕೆ.ಜಿ. ಆಗುತ್ತದೆ. ಕೋಣೆಯ ಉಳಿದ ಭಾಗ ಖಾಲಿ ಇರುವುದರಿಂದ ಸ್ಲ್ಯಾಬ್ ತಡೆದುಕೊಳ್ಳುತ್ತದೆ, ಆದರೆ ಅದೇ ಕೋಣೆಯಲ್ಲಿ ಅಡಿಕೆ ಮೂಟೆ ಪೇರಿಸುವ ಯೋಚನೆ ಬೇಡ. ಕೆಳಗಿನ ಕೋಣೆಯ ಚಾವಣಿಯಲ್ಲಿ ಹೊಸ ಬಿರುಕು ಕಂಡರೆ ನೀರು ಇಳಿಸಿ ಸಿವಿಲ್ ಎಂಜಿನಿಯರನ್ನು ಕರೆಯಿರಿ, ಬಡಗಿಯನ್ನಲ್ಲ.

## ನೀರು ಇಳಿಸುವುದು, ಮತ್ತೆ ತುಂಬುವುದು

ಹೀಟರ್ ಮೊದಲು ಆಫ್. ಹದಿನೈದು ನಿಮಿಷ ಆರಲಿ; ಬಿಸಿ ಇರುವಾಗ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸೀಳುತ್ತದೆ. ಆಮೇಲೆ ಉಳಿದ ಪ್ಲಗ್‌ಗಳು. ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ಮೀನು ಬಿಟ್ಟು ಗಾಳಿಯ ಕೊಳವೆ ಹಾಕಿ ಮುಚ್ಚಿ. ಫಿಲ್ಟರಿನ ಸ್ಪಂಜು ಅದೇ ನೀರಿನಲ್ಲಿ ನೆನೆದಿರಲಿ, ನಲ್ಲಿ ನೀರಿನಲ್ಲಿ ತೊಳೆದರೆ ಅದರಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿ ಎತ್ತುವುದಾದರೆ ಜಲ್ಲಿಯನ್ನೂ ಪೂರ್ತಿ ತೆಗೆಯಬೇಕು. ಒಂದು ಗೇಣು ನೀರಿದ್ದರೂ ಎತ್ತಬೇಡಿ. ನಾಲ್ಕು ಜನ ಬೇಕು, ಒದ್ದೆ ಕೈ ಇರಬಾರದು, ಮೇಲಂಚು ಹಿಡಿಯಬಾರದು, ತಳಕ್ಕೆ ಕೈ ಕೊಡಬೇಕು.

ದುರಸ್ತಿ ಮುಗಿದ ಮೇಲೆ ಮೂರನೇ ಒಂದು ಭಾಗ ತುಂಬಿ ಮೂಲೆಗಳನ್ನು ಅಳೆಯಿರಿ. ಸರಿಯಿದ್ದರೆ ಇನ್ನೊಂದು ಭಾಗ ತುಂಬಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಳೆದಾಗ ಎದುರುಬದುರು ಮೊತ್ತ ಎರಡೂ ಸಮವಿದ್ದರೆ ಮಾತ್ರ ಪೂರ್ತಿ. ಕಪಾಟಿನ ಬಾಗಿಲಿನ ಒಳಮೈಯಲ್ಲಿ ತಾರೀಖು ಹಾಕಿ ನಾಲ್ಕು ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಮುಂಗಾರಿನ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಅಳೆದು ಅದರ ಕೆಳಗೇ ಬರೆಯುತ್ತ ಹೋಗಿ.